ಆಸ್ಪತ್ರೆ ಸಮಾಜ ಕಾರ್ಯಕರ್ತರ ವೆಬಿನಾರಿನಲ್ಲಿ ನಮ್ಮ ಕೇಸುಗಳೂ ಬರಲಿ

ಮಾನ್ಯ ಸಂಪಾದಕರೇ,

ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆ. ವಾರ್ಡಿನಲ್ಲಿ ಯಾರೂ ಹಾಗೆ ಕರೆಯುವುದಿಲ್ಲ ಬಿಡಿ. ಕೆಲವರಿಗೆ ಕೌನ್ಸೆಲರ್ ಮೇಡಂ, ಕೆಲವರಿಗೆ ಸ್ಕೀಮಿನ ಮೇಡಂ, ಸಿರುಗುಪ್ಪ ಕಡೆಯ ಅಜ್ಜಿಯರಿಗೆ ಸುಮ್ನೆ 'ಯವ್ವಾ'. ರೋಗಿಯ ಜೊತೆ ಯಾರೂ ಇಲ್ಲ, ಕಾರ್ಡಿನಲ್ಲಿ ಹೆಸರು ತಪ್ಪಾಗಿದೆ, ಡಿಸ್ಚಾರ್ಜ್ ಬರೆದು ಮೂರು ದಿನವಾದರೂ ಮನೆಯವರ ಸುಳಿವಿಲ್ಲ ಎಂದಾಗ "ಸೋಷಿಯಲ್ ವರ್ಕರ್‌ನ ಕರೀರಿ" ಅಂತಾರೆ. ಆಗ ಓಡಿ ಬರುವುದು ನಮ್ಮಂಥವರು.

ಈ ಕೆಲಸದಲ್ಲಿ ಕಲಿಯುವುದು ಮುಗಿಯುವುದಿಲ್ಲ. ಕಾನೂನು ಬದಲಾಗುತ್ತದೆ, ಯೋಜನೆಗಳ ಹೆಸರು ಬದಲಾಗುತ್ತದೆ, ನಿಯಮ ಬದಲಾಗುತ್ತದೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವಾಗ ಬರೆದುಕೊಂಡ ನೋಟ್ಸ್ ಹಿಡಿದುಕೊಂಡು ಇವತ್ತಿನ ವಾರ್ಡಿನಲ್ಲಿ ಏನೂ ಮಾಡಲು ಆಗುವುದಿಲ್ಲ. ಹಾಗಾಗಿ ಕೊರೊನಾ ಕಾಲದಲ್ಲಿ ವೆಬಿನಾರುಗಳು ಶುರುವಾದಾಗ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವಳು ನಾನು. ತರಬೇತಿ ಅಂದರೆ ಅದುವರೆಗೆ ಬೆಂಗಳೂರು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೋಗಬೇಕು, ಮತ್ತೆ ರಾತ್ರಿ ಬರಬೇಕು, ಮನೆಯಲ್ಲಿ ಮಕ್ಕಳನ್ನು ಯಾರಿಗಾದರೂ ಒಪ್ಪಿಸಬೇಕು, ಟಿಎ ಬಿಲ್ಲು ಪಾಸಾಗುವ ಹೊತ್ತಿಗೆ ಹೋಗಿದ್ದು ಯಾವ ತರಬೇತಿಗೆ ಅಂತಲೇ ಮರೆತಿರುತ್ತದೆ. ಹೊರಗುತ್ತಿಗೆಯಲ್ಲಿ ಇರುವವರಿಗೆ ಆ ಬಿಲ್ಲೂ ಇಲ್ಲ. ಆದ್ದರಿಂದ ವೆಬಿನಾರ್ ಬೇಡ, ನೇರ ತರಬೇತಿಯೇ ಬೇಕು ಎನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. ವೆಬಿನಾರ್ ಬೇಕು. ಆದರೆ ಈಗ ನಡೆಯುತ್ತಿರುವ ರೀತಿಯಲ್ಲಿ ಅಲ್ಲ.

ಈಗ ಹೇಗೆ ನಡೆಯುತ್ತದೆ ನೋಡಿ. ವಾಟ್ಸಾಪ್ ಗುಂಪಿಗೆ ಪೋಸ್ಟರ್ ಬರುತ್ತದೆ. ಅದರಲ್ಲಿ ವಿಷಯಕ್ಕಿಂತ ದೊಡ್ಡ ಅಕ್ಷರದಲ್ಲಿ 'ಇ-ಸರ್ಟಿಫಿಕೇಟ್ ನೀಡಲಾಗುವುದು' ಎಂದಿರುತ್ತದೆ. ಹೊತ್ತು ಬೆಳಗ್ಗೆ ಹನ್ನೊಂದು, ಅಂದರೆ ಓಪಿಡಿ ತುಂಬಿ ತುಳುಕುವ ಹೊತ್ತು. ಪ್ರಾರ್ಥನೆ, ಸ್ವಾಗತ, ಅತಿಥಿಗಳ ಪರಿಚಯ ಅಂತ ಅರ್ಧ ಗಂಟೆ ಹೋಗುತ್ತದೆ. ಪ್ರಾರ್ಥನೆ ಹಾಡುವವರ ಮೈಕ್ ಆಫ್ ಇರುತ್ತದೆ, ಉಳಿದವರೆಲ್ಲರ ಮೈಕ್ ಆನ್ ಇರುತ್ತದೆ. ಯಾರದೋ ಮನೆಯ ಕುಕ್ಕರ್ ಕೂಗುತ್ತದೆ. ಆಮೇಲೆ ಇಂಗ್ಲಿಷ್‌ನಲ್ಲಿ ಎಂಬತ್ತು ಸ್ಲೈಡು. ಕ್ಯಾಮೆರಾ ಆಫ್ ಮಾಡಿ, ಫೋನನ್ನು ಡ್ರಾಯರ್‌ನಲ್ಲಿಟ್ಟು ವಾರ್ಡಿಗೆ ಹೋದವರೇ ಬಹಳ. ಕೊನೆಗೆ ಫೀಡ್‌ಬ್ಯಾಕ್ ಫಾರ್ಮಿನ ಲಿಂಕ್ ಬರುತ್ತದಲ್ಲ, ಭಾಷಣ ಮುಗಿಯುವ ಮೊದಲೇ ಅದು ಬೇರೆ ಗುಂಪುಗಳಿಗೆ ಹೋಗಿರುತ್ತದೆ. ವೆಬಿನಾರಿಗೆ ಬಾರದವರಿಗೂ ಸರ್ಟಿಫಿಕೇಟ್. ಕೆಲವಕ್ಕೆ ಮುನ್ನೂರು, ಐನೂರು ಫೀಸು ಬೇರೆ.

ಆ ಸರ್ಟಿಫಿಕೇಟನ್ನು ಎಲ್ಲಿ ಕೊಡೋಣ? ವೈದ್ಯರಿಗೆ ಒಂದು ಲೆಕ್ಕ ಇದೆ. ಐದು ವರ್ಷಕ್ಕೆ 30 ಗಂಟೆ ಮುಂದುವರಿಕೆ ಶಿಕ್ಷಣ ಪಡೆದು ವೈದ್ಯಕೀಯ ಪರಿಷತ್ತಿಗೆ ತೋರಿಸಬೇಕು. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ವಿಶೇಷ ಶಿಕ್ಷಕರಂಥವರಿಗೂ ಪಾಯಿಂಟುಗಳಿವೆ. ಅಮೆರಿಕದಲ್ಲಿ ಸಮಾಜ ಕಾರ್ಯಕರ್ತರಿಗೆ ರಾಜ್ಯಗಳು ಲೈಸೆನ್ಸ್ ಕೊಡುತ್ತವೆ, ಅದನ್ನು ನವೀಕರಿಸಲು ಇಷ್ಟು ಗಂಟೆ ಕಲಿತಿರಬೇಕು ಎಂಬ ನಿಯಮ ಇರುತ್ತದೆ. ಅಲ್ಲಿ ವೆಬಿನಾರಿಗೆ ಅಷ್ಟು ಬೆಲೆ ಇರುವುದು ಅದಕ್ಕೇ. ನಮ್ಮಲ್ಲಿ ಲೈಸೆನ್ಸ್ ಎಂಬುದೇ ಇರಲಿಲ್ಲ. 2021ರಲ್ಲಿ ಬಂದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿತು. ನಾಳೆ ನಮಗೂ ಗಂಟೆ ಲೆಕ್ಕ ಬರಬಹುದು. ಬಂದ ದಿನ ಈ ಫಾರ್ಮ್ ತುಂಬುವ ಚಟವೇ ನಿಯಮವಾಗಿ ಬಿಟ್ಟರೆ ಏನು ಗತಿ ಎನ್ನುವುದು ನನ್ನ ಭಯ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಸ್ಲೈಡುಗಳ ಬಗ್ಗೆ ಒಂದು ಮಾತು, ಅವುಗಳಲ್ಲಿ ಬರುವುದು ಅಮೆರಿಕದ ಪಾಠ. ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ ಬೇಕು ಎಂದು ಮೊದಲೇ ತೋರಿಸಿಕೊಟ್ಟ ದೇಶಗಳಲ್ಲಿ ಅಮೆರಿಕವೂ ಒಂದು. 1905ರಲ್ಲಿ ಬೋಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ರಿಚರ್ಡ್ ಕ್ಯಾಬಟ್ ಅದನ್ನು ಶುರು ಮಾಡಿದರು. ನಮ್ಮ ದೇಶದಲ್ಲಿ ಮೊದಲ ನೇಮಕ 1946ರಲ್ಲಿ, ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ. ಹೀಗಾಗಿ ಅಲ್ಲಿನವರಿಂದ ಕಲಿಯಲು ನನ್ನ ತಕರಾರಿಲ್ಲ. ಆದರೆ ಮೆಡಿಕೇರ್ ಎಂಬ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯ ಅಡಿ ವೃದ್ಧರನ್ನು ನರ್ಸಿಂಗ್ ಹೋಮಿಗೆ ಕಳುಹಿಸುವ ವಿಧಾನವನ್ನು ಹಾಗೇ ನಮ್ಮ ಮುಂದೆ ಓದಿದರೆ ಏನು ಮಾಡೋಣ? ನಮಗೆ ಬೇಕಾಗಿರುವುದು ಬೇರೆ. ಆಲೂರು, ರಾಯದುರ್ಗದ ಕಡೆಯಿಂದ ಆಂಧ್ರದ ರೇಷನ್ ಕಾರ್ಡ್ ಹಿಡಿದು ದಿನಾ ಜನ ಬಳ್ಳಾರಿಗೆ ಬರುತ್ತಾರೆ. ಅವರಿಗೆ ಹತ್ತಿರದ ದೊಡ್ಡ ಊರು ಇದೇ. ಗಡಿ ಅವರಿಗೆ ಕಾಣುವುದಿಲ್ಲ, ನಮ್ಮ ಕಂಪ್ಯೂಟರಿಗೆ ಮಾತ್ರ ಕಾಣುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅಂತ ನಾವು ಬಾಯಿಪಾಠ ಹೇಳುತ್ತೇವೆ. ಎದುರಿಗಿದ್ದವರು ತೆಲುಗಿನಲ್ಲಿ "ಮಾಕು ಲೇದಾ ಅಮ್ಮಾ?" (ನಮಗಿಲ್ವಾ ಅಮ್ಮಾ?) ಎಂದು ಕೇಳಿದಾಗ ಏನು ಹೇಳಬೇಕು, ಯಾರಿಗೆ ಫೋನ್ ಮಾಡಬೇಕು? ಇಂಥದ್ದರ ಮೇಲೆ ಒಂದೇ ಒಂದು ವೆಬಿನಾರ್ ನಾನು ನೋಡಿಲ್ಲ.

ಇನ್ನೊಂದು, ಇದು ಜಾಸ್ತಿ ಕಾಡುವಂಥದ್ದು. ಹದಿನೆಂಟು ತುಂಬದವರ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯ ಮೇಲೆ ವೆಬಿನಾರುಗಳಿಗೆ ಲೆಕ್ಕವಿಲ್ಲ. ಎಲ್ಲರೂ ಹೇಳುವುದು ಒಂದೇ: ಸೆಕ್ಷನ್ 19ರ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಸೆಕ್ಷನ್ 21ರ ಪ್ರಕಾರ ಶಿಕ್ಷೆ. ಸರಿ, ಒಪ್ಪಿದೆ. ತಿಳಿಸುತ್ತೇವೆ ಕೂಡ. ಆದರೆ ಗರ್ಭಿಣಿಯರ ಓಪಿಡಿಯಲ್ಲಿ ನಮ್ಮ ಮುಂದೆ ಕೂರುವವಳು ಆಧಾರ್ ಕಾರ್ಡಿನ ಪ್ರಕಾರ ಇನ್ನೂ ಹದಿನೇಳು ತುಂಬದ ಹುಡುಗಿ. ಕೊರಳಲ್ಲಿ ತಾಳಿ. ಗಂಡ ಜೀನ್ಸ್ ಹೊಲಿಯುವ ಕಡೆ ಕೆಲಸಕ್ಕೆ ಹೋಗುವ ಹುಡುಗ. ಪಕ್ಕದಲ್ಲಿ ಅವಳ ತಾಯಿ. "ಮದುವಿ ಮಾಡೀವ್ರಿ ಮೇಡಮ್ಮಾರೆ, ನಾವೇನು ಕದ್ದು ಓಡಿಸೀವೇನು?" ಎಂದು ಕೇಳುತ್ತಾಳೆ. ವಿಷಯ ಠಾಣೆಗೆ ಹೋಗುತ್ತದೆ ಎಂದು ಆ ತಾಯಿಗೆ ಯಾರು ಹೇಳಬೇಕು, ಯಾವಾಗ ಹೇಳಬೇಕು, ಹುಡುಗಿಯ ಎದುರಿಗೋ ಬೇರೆಯಾಗಿಯೋ? ಹೇಳಿದ ಮೇಲೆ ಹೆದರಿಕೊಂಡು ಅವರು ತಪಾಸಣೆಗೇ ಬಾರದೆ ಹೋದರೆ? ಆಶಾ ಕಾರ್ಯಕರ್ತೆಗೆ ಹೇಗೆ ಒಪ್ಪಿಸಬೇಕು? ನಾನು ಒಂದು ವೆಬಿನಾರಿನ ಚಾಟ್‌ನಲ್ಲಿ ಇದನ್ನೇ ಟೈಪ್ ಮಾಡಿದೆ. "ಒಳ್ಳೆಯ ಪ್ರಶ್ನೆ, ಸಮಯದ ಅಭಾವ, ಮುಂದೆ ನೋಡೋಣ" ಎಂದು ನಿರೂಪಕರು ವಂದನಾರ್ಪಣೆಗೆ ಹೋದರು. ವಂದನಾರ್ಪಣೆಗೆ ಮಾತ್ರ ಸಮಯ ಇತ್ತು.

ಹಾಗಂತ ಎಲ್ಲವೂ ಹೀಗೆ ಅಂತ ಹೇಳಿದರೆ ಅನ್ಯಾಯ ಆಗುತ್ತದೆ. ಒಂದು ಸಂಜೆ ನಡೆದ ಸಣ್ಣ ಕೂಟ ನನಗೆ ಈಗಲೂ ಉಪಯೋಗಕ್ಕೆ ಬರುತ್ತಿದೆ. ಇಪ್ಪತ್ತು ಜನವೂ ಇರಲಿಲ್ಲ, ಎಲ್ಲರ ಮುಖ ಕಾಣುತ್ತಿತ್ತು, ಮಾತೆಲ್ಲ ಕನ್ನಡದಲ್ಲೇ. ಕೊಪ್ಪಳ ಜಿಲ್ಲೆಯ ಒಬ್ಬ ಸಹೋದ್ಯೋಗಿ ಹೆಸರು, ಊರು ಬಿಟ್ಟು ಒಂದು ಕೇಸು ಹೇಳಿದರು. ಸಾಲದ ಜಗಳದಲ್ಲಿ ಕ್ರಿಮಿನಾಶಕ ಕುಡಿದು, ಐಸಿಯುನಿಂದ ಬದುಕಿ ಬಂದ ರೈತ. ನಾಳೆ ಡಿಸ್ಚಾರ್ಜ್. ಏನು ಮಾಡಬೇಕು? ನಾವೆಲ್ಲ ಧೈರ್ಯ ಹೇಳಬೇಕು, ಸಮಾಲೋಚನೆ ಮಾಡಬೇಕು ಅಂತ ದೊಡ್ಡ ಮಾತು ಆಡಿದೆವು. ನಡೆಸಿಕೊಡುತ್ತಿದ್ದ ಹಿರಿಯ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಉಳಿದ ಎಣ್ಣೆ ಡಬ್ಬಿ ಈಗ ಎಲ್ಲಿದೆ?" ಯಾರೂ ಮಾತಾಡಲಿಲ್ಲ. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿಗೆ ಎಣ್ಣೆ ಅಂತಲೇ ಹೇಳುವುದು. ರೋಗಿ ಮನೆಗೆ ಹೋಗುವ ಮೊದಲು ಡಬ್ಬಿ ಮನೆಯಿಂದ ಹೊರಗೆ ಹೋಗಿರಬೇಕು, ಅದನ್ನು ಯಾರು ಮಾಡುತ್ತಾರೆ ಎಂದು ಹೆಸರು ಹಿಡಿದು ಕೇಳಿ, ಹೆಂಡತಿಯ ಹತ್ತಿರ ಬೇರೆಯಾಗಿ ಕೂತು ಮಾತಾಡಿ, ಮನೆಗೆ ಹೋದ ಮೇಲೆ ನೀವೇ ಫೋನ್ ಮಾಡಿ ಎಂದರು. ಪೊಲೀಸ್ ಕೇಸು ಆಗುತ್ತದೆಂಬ ಹೆದರಿಕೆಯಲ್ಲಿ ಮನೆಯವರು ನಿಜ ಹೇಳುವುದಿಲ್ಲ, ಅವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 115 ತಿಳಿಸಿ ಎಂದರು. ಇಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆ ಕೊಡಬಾರದು, ಸರ್ಕಾರ ಆರೈಕೆ ಕೊಡಬೇಕು ಎಂದು ಅದು ಹೇಳುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಸಾಲದು, ಅವರ ಫೋನಿನಲ್ಲೇ ಸೇವ್ ಮಾಡಿಸಿ ಅಂತಲೂ ಹೇಳಿದರು.

ಅದಾದ ಮೇಲೆ ನಮ್ಮ ವಾರ್ಡಿನಲ್ಲಿ ಅಂಥದ್ದೇ ಒಬ್ಬರ ತಮ್ಮನನ್ನು ಕೇಳಿದೆ, ಡಬ್ಬಿ ಎಲ್ಲಿದೆ ಅಂತ. ಮಂಚದ ಕೆಳಗೇ ಇದೆ ಮೇಡಂ, ಅರ್ಧ ಉಳಿದದ, ದುಡ್ಡು ಕೊಟ್ಟು ತಂದಿದ್ದಲ್ವಾ ಅಂದ. ಅವತ್ತು ಸಂಜೆಯೇ ಊರಿಗೆ ಹೋಗಿ ಅದನ್ನು ಬೇರೆಯವರ ಹೊಲದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಸಿ, ಫೋಟೋ ತೆಗೆದು ಕಳುಹಿಸಿದ. ಆ ಸಂಜೆಯ ಕೂಟಕ್ಕೆ ಸರ್ಟಿಫಿಕೇಟ್ ಇರಲಿಲ್ಲ.

ಹೀಗೆ ಕೇಸು ಹಿಡಿದು ಕಲಿಯುವುದು ಅವತ್ತಷ್ಟೇ ಹೊಳೆದ ಉಪಾಯವಲ್ಲ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಎಂಬ ಭಾರತ ಮೂಲದ ವೈದ್ಯರು 'ಪ್ರಾಜೆಕ್ಟ್ ಎಕೋ' ಶುರು ಮಾಡಿದರು. ಹೆಪಟೈಟಿಸ್ ಸಿ ರೋಗಿಗಳು ತಜ್ಞರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕಿತ್ತು. ರೋಗಿಯನ್ನು ಊರಿಂದ ಊರಿಗೆ ಓಡಾಡಿಸುವ ಬದಲು, ಹಳ್ಳಿಯ ವೈದ್ಯರು ವಿಡಿಯೊದಲ್ಲಿ ತಮ್ಮ ಕೇಸು ಹೇಳಬೇಕು, ತಜ್ಞರು ಮತ್ತು ಉಳಿದವರು ಸೇರಿ ದಾರಿ ಹುಡುಕಬೇಕು. ಪಾಠ ಸ್ವಲ್ಪ, ಕೇಸು ಬಹಳ. ನಮ್ಮ ನಿಮ್ಹಾನ್ಸ್ ಕೂಡ ಈ ಪದ್ಧತಿಯನ್ನು ಬಳಸಿದೆ. 2018ರಲ್ಲಿ ಅದು ಶುರು ಮಾಡಿದ ಡಿಜಿಟಲ್ ಅಕಾಡೆಮಿಯಲ್ಲಿ ವೈದ್ಯರ ಜೊತೆಗೆ ನರ್ಸುಗಳು, ಸಮಾಜ ಕಾರ್ಯಕರ್ತರೂ ಕಲಿಯಬಹುದು. ಅಂದರೆ ದಾರಿ ಗೊತ್ತಿದೆ, ನಮ್ಮ ಜಿಲ್ಲೆಯ ತನಕ ಅದು ಕನ್ನಡದಲ್ಲಿ ಬರಬೇಕು ಅಷ್ಟೇ.

ನಮ್ಮ ಜಿಲ್ಲೆ ಎಂದಾಗ ಒಂದು ಹೆಮ್ಮೆಯ ಸಂಗತಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯನ್ನೇ ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವ, ಆರೈಕೆ ಮಾಡುವ ತರಬೇತಿ ಕೊಟ್ಟರು. ಅದಕ್ಕೆ 'ಬಳ್ಳಾರಿ ಮಾದರಿ' ಎಂದೇ ಹೆಸರಾಯಿತು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಆ ಮಾದರಿಯ ಮೇಲೆ. ಇವತ್ತಿಗೂ ಎಷ್ಟೋ ವೆಬಿನಾರುಗಳ ಎರಡನೇ ಸ್ಲೈಡಿನಲ್ಲಿ ನಮ್ಮೂರಿನ ಹೆಸರು ಬರುತ್ತದೆ. ಆ ಸ್ಲೈಡ್ ನೋಡುತ್ತಾ ಬಳ್ಳಾರಿಯಲ್ಲೇ ಮ್ಯೂಟ್ ಆಗಿ ಕೂತಿರುತ್ತೇವೆ ನಾವು.

ಆರೋಗ್ಯ ಇಲಾಖೆಯವರಿಗೂ, ಇಲ್ಲಿನ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದವರಿಗೂ ನನ್ನ ಕೋರಿಕೆ ಇಷ್ಟು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆ ಸೇರಿಸಿ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಕೊಡಿ. ಓಪಿಡಿ ಮುಗಿದ ಮೇಲೆ, ಮಧ್ಯಾಹ್ನ ಮೂರಕ್ಕೆ ಇರಲಿ. ಅದು ಡ್ಯೂಟಿ ಎಂದು ಒಂದು ಸುತ್ತೋಲೆ ಬರಲಿ, ಇಲ್ಲದಿದ್ದರೆ 'ಮೇಡಂ ಮೊಬೈಲ್ ನೋಡ್ತಾ ಕೂತಿದಾರೆ' ಅನ್ನುವ ಮಾತು ತಪ್ಪುವುದಿಲ್ಲ. ಹೊರಗುತ್ತಿಗೆಯವರೂ, ತಾಲ್ಲೂಕು ಆಸ್ಪತ್ರೆಯ ಆಪ್ತ ಸಮಾಲೋಚಕರೂ, ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರೂ ಅದರಲ್ಲಿರಲಿ, ಅರ್ಧ ಉತ್ತರ ಅವರ ಹತ್ತಿರವೇ ಇರುತ್ತದೆ. ಪ್ರತಿ ಸಲ ಒಬ್ಬರು ಒಂದು ಕೇಸು ತರಬೇಕು. ರೋಗಿಯ ಹೆಸರು, ಊರು, ಫೋಟೋ ಹಾಕುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ. ಮುಂದಿನ ಕೂಟದಲ್ಲಿ ಆ ಕೇಸು ಏನಾಯಿತು ಎಂದು ಹೇಳಿಯೇ ಹೊಸದು ಶುರು ಮಾಡಬೇಕು. ಉದ್ಘಾಟನೆ ಬೇಡವೇ ಬೇಡ.

ಮೊದಲ ಕೇಸು ಯಾರು ತರುತ್ತಾರೆ ಎಂಬ ಚಿಂತೆ ಬೇಡ, ನನ್ನ ಹತ್ತಿರ ಒಂದಿದೆ. ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಅರವತ್ತು ದಾಟಿದವರು, ತೆಲುಗು ಮಾತ್ರ ಬರುತ್ತದೆ, ಸಕ್ಕರೆ ಕಾಯಿಲೆಯಿಂದ ಒಂದು ಕಾಲು ತೆಗೆದಿದ್ದಾರೆ. ಗಾಯ ಒಣಗಿದೆ, ಡಿಸ್ಚಾರ್ಜ್ ಬರೆದಾಗಿದೆ. ಮಗ ಗುಳೆ ಹೋಗಿದ್ದಾನೆ, ಫೋನ್ ಎತ್ತುತ್ತಿಲ್ಲ. ಕಾರ್ಡ್ ಆಂಧ್ರದ್ದು, ಅಂಗವಿಕಲರ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸಿಲ್ಲ. ಇಲ್ಲಿ ಅರ್ಜಿ ಹಾಕಬೇಕೋ ಅವರ ಜಿಲ್ಲೆಯಲ್ಲೋ? ಅಲ್ಲಿಯವರೆಗೆ ಅವರನ್ನು ಎಲ್ಲಿರಿಸಬೇಕು? ಗಡಿಯ ಆಚೆಗಿನ ಯಾವ ಆಸ್ಪತ್ರೆಯಲ್ಲಿ ನನ್ನಂಥವರು ಯಾರಿದ್ದಾರೆ? ಗೊತ್ತಿರುವವರು ದಯವಿಟ್ಟು ಇದೇ ಪುಟಕ್ಕೆ ಬರೆಯಿರಿ, ಕೂಟ ಶುರುವಾಗುವ ತನಕ ಕಾಯುವುದು ಬೇಡ.

ಇಂತಿ,
ಒಬ್ಬ ವೈದ್ಯಕೀಯ ಸಮಾಜ ಕಾರ್ಯಕರ್ತೆ, ಬಳ್ಳಾರಿ
(ಹೆಸರು, ವಿಳಾಸವನ್ನು ಬೇರೆ ಹಾಳೆಯಲ್ಲಿ ಕಳುಹಿಸಿದ್ದೇನೆ, ಅಚ್ಚು ಮಾಡಬೇಡಿ.)