ಕಿರುಚಿತ್ರದ ಹುಡುಗರೂ ಹಾಜರಾತಿಯ ಲೆಕ್ಕವೂ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ–ಧಾರವಾಡದ ಕಾಲೇಜುಗಳಲ್ಲಿ ಕಿರುಚಿತ್ರದ ಬೆನ್ನು ಹತ್ತಿದ ವಿದ್ಯಾರ್ಥಿಗಳು ಕಡಿಮೆ ಇಲ್ಲ. ಸೆಮಿಸ್ಟರ್ ಕೊನೆಗೆ ಹಾಜರಾತಿ ಕೊರತೆಯ ಪಟ್ಟಿ ಹಚ್ಚಿದಾಗ ಅದರಲ್ಲಿ ಇವರ ಹೆಸರೂ ಇರುತ್ತದೆ. ಮನೆಯಲ್ಲಿ ಮೊಬೈಲ್ ಕಸಿದುಕೊಳ್ಳುತ್ತಾರೆ, ಕಾಲೇಜಿನಲ್ಲಿ ‘ಸಿನಿಮಾ ಹುಚ್ಚು’ ಎಂದು ಬೈದು ಕೈಬಿಡುತ್ತಾರೆ. ಚಿತ್ರೀಕರಣ, ಧ್ವನಿ, ಸಂಕಲನದಲ್ಲಿ ಇಂಥ ತಂಡಗಳ ಜೊತೆ ಕೆಲಸ ಮಾಡುವ ನಮಗೆ ತೊಂದರೆಯ ಬೇರು ಬೇರೆ ಕಡೆ ಕಾಣುತ್ತದೆ. ಎಂಟು ನಿಮಿಷದ ಚಿತ್ರಕ್ಕೆ ಎರಡು ಭಾನುವಾರ ಸಾಕು. ಹಾಳೆಯ ಮೇಲೆ ಮುಗಿಯಬೇಕಾದ ಕೆಲಸವನ್ನು ಕ್ಯಾಮೆರಾ ಮುಂದೆ ನಿಂತು ಮಾಡಹೋದಾಗ ಅದೇ ಚಿತ್ರ ವಾರಗಟ್ಟಲೆ ಎಳೆಯುತ್ತದೆ, ಕ್ಲಾಸುಗಳನ್ನು ತಿನ್ನುತ್ತದೆ.

ಮೊದಲು ಹಾಜರಾತಿಯ ಲೆಕ್ಕ. ಸೆಮಿಸ್ಟರ್‌ಗೆ 90 ದಿನ ಪಾಠ ಎಂದು ಹಿಡಿದರೆ ಶೇ 75ಕ್ಕೆ 68 ದಿನ ಬೇಕು, ಇನ್ನೂ 22 ದಿನ ಕೈಯಲ್ಲಿವೆ ಎಂದು ಹುಡುಗರು ಧೈರ್ಯದಿಂದ ಇರುತ್ತಾರೆ. ಆದರೆ ಹಾಜರಾತಿಯನ್ನು ವಿಷಯವಾರು ನೋಡುವ ಕಡೆ ಈ ಧೈರ್ಯ ನಡೆಯುವುದಿಲ್ಲ. ವಾರಕ್ಕೊಮ್ಮೆ ಬರುವ ಪ್ರಾಕ್ಟಿಕಲ್ ಇಡೀ ಸೆಮಿಸ್ಟರ್‌ನಲ್ಲಿ 14–15 ಸಲ ನಡೆದರೆ ಹೆಚ್ಚು. ನಾಲ್ಕು ಬುಧವಾರ ತಪ್ಪಿಸಿದರೆ 15ರಲ್ಲಿ 11, ಅಂದರೆ ಶೇ 73. ಉಳಿದ ವಿಷಯಗಳಲ್ಲಿ ಶೇ 90 ಇದ್ದರೂ ಆ ಒಂದರಲ್ಲಿ ಸಿಕ್ಕಿಬೀಳುತ್ತಾರೆ. ಹಾಗಾಗಿ ಶೂಟಿಂಗ್ ದಿನ ಗೊತ್ತು ಮಾಡುವ ಮೊದಲು ತಂಡದ ಎಲ್ಲರ ಟೈಮ್‌ಟೇಬಲ್ ಒಂದೇ ಹಾಳೆಯ ಮೇಲೆ ಬರೆದು, ಪ್ರಾಕ್ಟಿಕಲ್ ಮತ್ತು ಇಂಟರ್ನಲ್ ಪರೀಕ್ಷೆಯ ದಿನಗಳಿಗೆ ಕೆಂಪು ಗೆರೆ ಎಳೆಯಬೇಕು. ಧಾರವಾಡದ ಒಬ್ಬರು, ವಿದ್ಯಾನಗರದ ಒಬ್ಬರು, ಗದಗಿನಿಂದ ದಿನಾ ರೈಲಿನಲ್ಲಿ ಓಡಾಡುವ ಇನ್ನೊಬ್ಬರು ಎಂದು ಬೇರೆ ಬೇರೆ ಕಾಲೇಜಿನ ನಟರನ್ನು ಹಿಡಿದರೆ ಅಷ್ಟೂ ಕಾಲೇಜುಗಳ ಇಂಟರ್ನಲ್‌ಗಳು ನಿಮ್ಮ ಚಿತ್ರದ ತಲೆಮೇಲೆ ಬರುತ್ತವೆ. ಮೊದಲ ಚಿತ್ರಕ್ಕೆ ಒಂದೇ ಕಾಲೇಜಿನ ಇಬ್ಬರು ನಟರು, ಮೂರು ಜಾಗ. ಅದಕ್ಕಿಂತ ಹೆಚ್ಚು ಬೇಡ.

‘ಡಿಗ್ರಿ ಬಿಟ್ಟು ಸಿನಿಮಾಕ್ಕೆ ಹೋಗ್ತೀನಿ’ ಎನ್ನುವವರಿಗೆ ಒಂದು ಮಾತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶನ, ಛಾಯಾಗ್ರಹಣ, ಸಂಕಲನದ ಕೋರ್ಸುಗಳಿಗೆ ಅರ್ಜಿ ಹಾಕಲೂ ಯಾವುದಾದರೊಂದು ಪದವಿ ಬೇಕು. ಗಿರೀಶ ಕಾರ್ನಾಡರು ಇದೇ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದವರು. ಮುಂದೆ ಅದೇ ಪುಣೆಯ ಸಂಸ್ಥೆಗೆ ನಿರ್ದೇಶಕರಾದರು.

ಇನ್ನು ಹಾಳೆಯ ಕೆಲಸ. ಚಿತ್ರಕಥೆಯ ಒಂದು ಪುಟಕ್ಕೆ ಪರದೆಯ ಮೇಲೆ ಒಂದು ನಿಮಿಷ ಎಂಬ ಲೆಕ್ಕ ಇಂಗ್ಲಿಷಿನ ಒಂದು ನಿರ್ದಿಷ್ಟ ಅಚ್ಚಿನ ಅಳತೆಗೆ ಹುಟ್ಟಿದ್ದು. ಕೈಬರಹದ ಕನ್ನಡ ಪುಟಕ್ಕೆ ಅದು ಹೊಂದುವುದಿಲ್ಲ. ಎದ್ದು ನಿಂತು, ನಡೆಯುವಲ್ಲಿ ನಡೆದು, ಸುಮ್ಮನಿರುವಲ್ಲಿ ಸುಮ್ಮನಿದ್ದು, ಇಡೀ ಕಥೆಯನ್ನು ಗಡಿಯಾರ ಹಿಡಿದು ಓದಬೇಕು. ಎಂಟು ನಿಮಿಷ ಅಂದುಕೊಂಡದ್ದು ಹದಿಮೂರಾದರೆ ಐದು ನಿಮಿಷ ಅಲ್ಲೇ ಹೊಡೆದುಹಾಕಿ. ತೆಗೆದ ಮೇಲೆ ಕತ್ತರಿಸುವುದೆಂದರೆ ಒಂದು ಭಾನುವಾರವನ್ನೇ ಕತ್ತರಿಸಿ ಎಸೆದಂತೆ. (ಓದುವಾಗ ಇನ್ನೊಂದು ಲಾಭ: ‘ನೀನು ಎಲ್ಲಿಗೆ ಹೋಗುತ್ತಿರುವೆ’ ಎಂದು ಬರೆದದ್ದು ಧಾರವಾಡದ ಹುಡುಗನ ಬಾಯಲ್ಲಿ ‘ಎಲ್ಲಿಗ್ ಹೊಂಟಿ’ ಎಂದೇ ಬರುತ್ತದೆ. ಹಾಗೆಯೇ ಬಿಡಿ.)

ಆಮೇಲೆ ಶಾಟ್‌ಗಳ ಪಟ್ಟಿ. ಪಟ್ಟಿ ಕಥೆಯ ಕ್ರಮದಲ್ಲಿ ಇರಬಾರದು, ಜಾಗದ ಕ್ರಮದಲ್ಲಿ ಇರಬೇಕು. ಮೊದಲ ದೃಶ್ಯವೂ ಕೊನೆಯ ದೃಶ್ಯವೂ ಒಂದೇ ಅಡುಗೆಮನೆಯಲ್ಲಿದ್ದರೆ ಎರಡನ್ನೂ ಒಟ್ಟಿಗೆ ಮುಗಿಸಿ, ನಡುವೆ ಅಂಗಿ ಮಾತ್ರ ಬದಲಿಸಿ. ಯಾವ ದೃಶ್ಯಕ್ಕೆ ಯಾವ ಅಂಗಿ, ಕೈಯಲ್ಲಿ ವಾಚ್ ಇತ್ತೋ ಇಲ್ಲವೋ ಎಂಬುದಕ್ಕೆ ಪ್ರತಿ ಶಾಟ್ ಆದಮೇಲೆ ಒಂದು ಫೋಟೊ ಹೊಡೆದಿಡಿ. ಹೊಸ ತಂಡಕ್ಕೆ ದಿನಕ್ಕೆ 12ರಿಂದ 15 ಶಾಟ್ ದಕ್ಕುತ್ತವೆ. 40 ಬರೆದುಕೊಂಡು ಹೋದವರಿಗೆ ಸೋಮವಾರ ಬೆಳಗಿನ ಕ್ಲಾಸ್ ತಪ್ಪುತ್ತದೆ.

ಬೇಸಿಗೆಯಲ್ಲಿ ನಮ್ಮ ಕಡೆ ಹತ್ತೂವರೆಯಿಂದ ಮಧ್ಯಾಹ್ನ ಮೂರೂವರೆವರೆಗೆ ಬಯಲಲ್ಲಿ ಮುಖ ತೆಗೆಯಬಾರದು. ನೆತ್ತಿ ಮೇಲಿನ ಬಿಸಿಲಿಗೆ ಕಣ್ಣಿನ ಗುಳಿಗಳು ಕಪ್ಪಾಗುತ್ತವೆ, ಮೊಬೈಲ್ ಕಾದು ರೆಕಾರ್ಡಿಂಗ್ ತಾನೇ ನಿಲ್ಲುತ್ತದೆ. ಹೊರಗಿನ ಶಾಟ್‌ಗಳನ್ನು ಬೆಳಿಗ್ಗೆ ಏಳರಿಂದ ಒಂಬತ್ತೂವರೆಗೆ, ಸಂಜೆ ನಾಲ್ಕೂವರೆಯ ನಂತರಕ್ಕೆ ಇಟ್ಟು ನಡುವಿನ ಹೊತ್ತನ್ನು ಮನೆಯೊಳಗಿನ ದೃಶ್ಯಕ್ಕೆ ಕೊಡಿ. ಕಿಟಕಿಯ ಎದುರು ಬದಿಗೆ ಒಂದು ಥರ್ಮಾಕೋಲ್ ಹಾಳೆ ಹಿಡಿದರೆ ಮುಖದ ನೆರಳು ತುಂಬಿಬರುತ್ತದೆ. ಕಿಟಕಿಯ ಬೆಳಕಿನ ಜೊತೆ ಹಳದಿ ಬಲ್ಬ್ ಹಚ್ಚಬೇಡಿ. ಅರ್ಧ ಮುಖ ನೀಲಿ, ಅರ್ಧ ಅರಿಸಿನ ಆಗುತ್ತದೆ, ಸಂಕಲನದಲ್ಲಿ ಅದು ಸುಲಭಕ್ಕೆ ಸರಿಹೋಗುವುದಿಲ್ಲ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತದ್ದು, ದೀಪ 100 ಸಲ ಮಿನುಗುತ್ತದೆ. ಮೊಬೈಲ್ ತಾನಾಗಿ ಹಿಡಿಯುವ ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ), 1/60 ಸೆಕೆಂಡಿನ ಶಟರ್‌ಗೆ ಟ್ಯೂಬ್‌ಲೈಟಿನ ಕೆಳಗೆ ಕಪ್ಪು ಪಟ್ಟಿಗಳು ಓಡಾಡುವುದು ಇದಕ್ಕೇ. 25 ಫ್ರೇಮ್, 1/50 ಶಟರ್ ಇಟ್ಟು, ಬಿಳಿ ಬಣ್ಣದ ಹೊಂದಿಕೆಯನ್ನೂ (ವೈಟ್ ಬ್ಯಾಲೆನ್ಸ್) ಫೋಕಸನ್ನೂ ಲಾಕ್ ಮಾಡಿಕೊಂಡರೆ ಮುಗಿಯಿತು.

ಆದರೆ ಮರುಚಿತ್ರೀಕರಣದ ದೊಡ್ಡ ಕಾರಣ ಚಿತ್ರವಲ್ಲ, ಧ್ವನಿ. ದೃಶ್ಯ ಸ್ವಲ್ಪ ಮಸುಕಾಗಿದ್ದರೂ ನೋಡುಗರು ಸಹಿಸುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಆರು ಅಡಿ ದೂರದ ಮೊಬೈಲಿನ ಮೈಕ್ ಮಾತಿಗಿಂತ ಮೊದಲು ಫ್ಯಾನ್, ಫ್ರಿಜ್, ಪಕ್ಕದ ಮನೆಯ ಮಿಕ್ಸರ್, ರಸ್ತೆಯ ಹಾರ್ನ್ ಎಲ್ಲವನ್ನೂ ಹಿಡಿಯುತ್ತದೆ. ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ ಇರಲಿ. ಅದರ ತಂತಿಯನ್ನು ಇನ್ನೊಂದು ಮೊಬೈಲಿಗೆ ಸಿಕ್ಕಿಸಿ ನಟರ ಕಿಸೆಯಲ್ಲೇ ಇಡಿ. ಆ ಮೊಬೈಲ್ ಏರೋಪ್ಲೇನ್ ಮೋಡ್‌ನಲ್ಲಿರಬೇಕು, ಇಲ್ಲವಾದರೆ ಒಳ್ಳೆಯ ಟೇಕಿನ ನಡುವೆಯೇ ಕರೆ ಬರುತ್ತದೆ. ಧ್ವನಿಯನ್ನು ವೇವ್ (WAV) ಫೈಲಾಗಿ, 48 ಕಿಲೋಹರ್ಟ್ಸ್‌ನಲ್ಲಿ ಹಿಡಿಯಿರಿ; ಜೋರು ಮಾತಿಗೂ ಧ್ವನಿಮಟ್ಟದ ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲಲಿ. ಸೊನ್ನೆ ಮುಟ್ಟಿ ಒಡೆದ ಧ್ವನಿಯನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಜೋಡಿಸಿ ಕೊಡದು. ಜರಿ ಸೆರಗು, ಗಂಜಿ ಹಾಕಿದ ಅಂಗಿ ಮೈಕಿಗೆ ಉಜ್ಜಿದರೆ ಸರಸರ ಸದ್ದು ಬರುತ್ತದೆ. ಎರಡೂ ಬದಿಗೆ ಮೆತ್ತನೆಯ ಪಟ್ಟಿ ಹಚ್ಚಿ ಮೈಕ್ ಬಟ್ಟೆಗೆ ತಾಗದಂತೆ ಮಾಡಿ. ಉಣಕಲ್ ಕೆರೆಯ ದಂಡೆ, ನೃಪತುಂಗ ಬೆಟ್ಟದಲ್ಲಿ ಗಾಳಿಯ ಹೊಡೆತಕ್ಕೆ ಮೈಕಿನ ಮೇಲೆ ತುಪ್ಪಳದ ಟೊಪ್ಪಿಗೆ ಬೇಕೇ ಬೇಕು, ಬರೀ ಸ್ಪಂಜು ತಡೆಯುವುದಿಲ್ಲ.

ಪ್ರತಿ ಟೇಕಿನ ಶುರುವಿಗೆ ಕ್ಯಾಮೆರಾಕ್ಕೆ ಕಾಣುವಂತೆ ಒಮ್ಮೆ ಚಪ್ಪಾಳೆ ತಟ್ಟಿ. ಬೇರೆಯಾಗಿ ಹಿಡಿದ ಧ್ವನಿಯನ್ನು ಚಿತ್ರಕ್ಕೆ ಕೂಡಿಸಲು ಆ ಒಂದು ಸದ್ದು ಸಾಕು. ಜಾಗ ಬಿಡುವ ಮೊದಲು ಎಲ್ಲರೂ ಅಲುಗಾಡದೆ ನಿಂತು ಆ ಕೋಣೆಯ ಬರೀ ಮೌನವನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಮಾತು ಮಾತಿನ ನಡುವೆ ಕತ್ತರಿಸಿದ ಕಡೆ ಅದನ್ನು ತುಂಬದಿದ್ದರೆ ಧ್ವನಿ ಗುಂಡಿಗೆ ಬಿದ್ದಂತೆ ಕೇಳುತ್ತದೆ. ಇಷ್ಟೆಲ್ಲ ಮಾಡಿಯೂ ಮೂರನೇ ನಿಮಿಷದ ಹೊತ್ತಿಗೆ ತುಟಿಗೂ ಮಾತಿಗೂ ತಾಳ ತಪ್ಪಿದರೆ ಮೈಕನ್ನು ಬೈಯಬೇಡಿ. ಬಹಳ ಮೊಬೈಲುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ವೇಗವನ್ನು ಹೆಚ್ಚು–ಕಡಿಮೆ ಮಾಡುತ್ತವೆ. ಸಂಕಲನಕ್ಕೆ ಮೊದಲೇ ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಎಲ್ಲ ಕ್ಲಿಪ್‌ಗಳನ್ನೂ ಸ್ಥಿರವಾದ 25 ಫ್ರೇಮ್‌ಗೆ ಬದಲಿಸಿಕೊಂಡರೆ ಆಯಿತು.

ಚಿತ್ರದಲ್ಲಿ ಉಳಿಯುವ ಒಂದು ನಿಮಿಷಕ್ಕೆ ಎಂಟು ನಿಮಿಷದಂತೆ ತೆಗೆದರೆ ಎಂಟು ನಿಮಿಷದ ಚಿತ್ರಕ್ಕೆ 64 ನಿಮಿಷದ ತುಣುಕು. 4ಕೆ ಗುಣಮಟ್ಟದಲ್ಲಿ ನಿಮಿಷಕ್ಕೆ 350 ಎಂಬಿ ಎಂದರೂ 22 ಜಿಬಿ ದಾಟುತ್ತದೆ. ಇದನ್ನು ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಎಂದು ಕಳಿಸುವವರು ಈಗಲೂ ಇದ್ದಾರೆ. ಅದು ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ, ಮೂಲ ಅಳಿಸಿಬಿಟ್ಟರೆ ಮತ್ತೆ ಶೂಟಿಂಗೇ ಗತಿ. ಕೇಬಲ್ ಹಾಕಿ ಅದೇ ಸಂಜೆ ಎರಡು ಕಡೆ ನಕಲು ಇಳಿಸಿ, ತೆರೆದು ನೋಡಿ, ಆಮೇಲೆ ಮೊಬೈಲ್ ಖಾಲಿ ಮಾಡಿ. 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ 4ಕೆ ತುಣುಕಿಗೆ ತೇಕುತ್ತದೆ. ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ರಾತ್ರಿ ಮಲಗುವ ಮೊದಲು ಚಿಕ್ಕ ಪ್ರಾಕ್ಸಿ ಫೈಲ್ (ಸಂಕಲನಕ್ಕೆಂದು ಮಾಡುವ ಹಗುರ ನಕಲು) ಮಾಡಲು ಹಚ್ಚಿಟ್ಟರೆ ಮರುದಿನ ಸಂಜೆ ಒಂದು ತಾಸು ಹಗುರವಾಗಿ ಸಂಕಲನ ಮಾಡಬಹುದು. ದಿನಕ್ಕೆ ಒಂದು ತಾಸು, ಮೂರು ವಾರ. ಇಂಟರ್ನಲ್ ಇರುವ ವಾರ ಪೂರ್ತಿ ಬಿಡಿ. ಶೀರ್ಷಿಕೆಗೆ ‘ನುಡಿ’ ತಂತ್ರಾಂಶದ ಹಳೆಯ (ಯುನಿಕೋಡ್ ಅಲ್ಲದ) ಅಕ್ಷರ ಅಂಟಿಸಿದರೆ ಗೀಚು ಬರುತ್ತದೆ, ಯುನಿಕೋಡಿನಲ್ಲೂ ಕೆಲವು ತಂತ್ರಾಂಶಗಳು ಒತ್ತಕ್ಷರ ಒಡೆಯುತ್ತವೆ. ಹೆಸರುಗಳನ್ನು ಚಿತ್ರವಾಗಿ ಉಳಿಸಿಕೊಂಡು ಸೇರಿಸುವುದೇ ಕ್ಷೇಮ. ನಟಿಸಿದವರ ಹೆಸರನ್ನೇ ಒಡೆದು ತೋರಿಸುವುದು ಮರ್ಯಾದೆಯಲ್ಲ.

ಅನುಮತಿಯ ವಿಷಯದಲ್ಲಿ ಹುಡುಗರ ಉಡಾಫೆ ಹೆಚ್ಚು. ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ, ಆದರೆ ಪ್ಲಾಟ್‌ಫಾರ್ಮ್ ಟಿಕೆಟ್ ಚಿತ್ರೀಕರಣದ ಪರವಾನಗಿಯಲ್ಲ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ, ಲಕ್ಕುಂಡಿಯ ಕೆಲವು ಗುಡಿಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಟ್ರೈಪಾಡ್ ಇಟ್ಟು ನಟರನ್ನು ನಿಲ್ಲಿಸಲು ಮೊದಲೇ ಬರೆದುಕೊಂಡು ಒಪ್ಪಿಗೆ ಪಡೆಯಬೇಕು. ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣ ಇರುವುದರಿಂದ 250 ಗ್ರಾಂ ಒಳಗಿನ ಡ್ರೋನ್ ಆದರೂ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕಾಶೆ ನೋಡದೆ ಹಾರಿಸಬಾರದು. ಚಾಕು, ಆಟಿಕೆ ಪಿಸ್ತೂಲಿನ ದೃಶ್ಯ ಬಯಲಲ್ಲಿ ಬೇಡವೇ ಬೇಡ.

ಹಾಡಿನ ವಿಷಯವೂ ಹೀಗೇ. ಸಾಧನಕೇರಿ ತೋರಿಸಿ ಬೇಂದ್ರೆಯವರ ಕವಿತೆ ಹಾಕುವುದು ಧಾರವಾಡದ ಕಿರುಚಿತ್ರಗಳಿಗೆ ಚಟವಾಗಿದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 60 ವರ್ಷದ ಅವಧಿ ಮರುವರ್ಷದಿಂದ ಎಣಿಸಿದರೆ 2041ರ ಕೊನೆಗೆ ಮುಗಿಯುತ್ತದೆ. ಅಲ್ಲಿಯವರೆಗೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಹಳೆಯ ಜನಪದ ಹಾಡನ್ನು ಊರಿನ ಹಾಡುಗಾರರಿಂದ ಹೊಸದಾಗಿ ಹಾಡಿಸಿ, ಅವರ ಸಹಿ ತೆಗೆದುಕೊಂಡು, ಅವರಿಗೆ ಏನಾದರೂ ಕೊಟ್ಟು ಬಳಸಿ. ಬೇರೆಯವರು ಧ್ವನಿಮುದ್ರಿಸಿದ್ದನ್ನು ಕೇಳದೆ ಎತ್ತಬೇಡಿ.

ಖರ್ಚಿನಲ್ಲಿ ಊಟವೇ ಮುಖ್ಯ. ಹತ್ತು ಜನಕ್ಕೆ ಖಾನಾವಳಿಯಿಂದ ರೊಟ್ಟಿ–ಪಲ್ಯದ ಪಾರ್ಸೆಲ್ ಒಂದು ಗಂಟೆಗೇ ಬಂದಿರಬೇಕು. ಹಸಿದ ತಂಡ ನಾಲ್ಕಕ್ಕೆ ಮನೆ ದಾರಿ ಹಿಡಿದರೆ ಸಂಜೆಯ ಬೆಳಕು ಯಾರಿಗೂ ದಕ್ಕುವುದಿಲ್ಲ.

ಪ್ರಾಚಾರ್ಯರಿಗೆ ನಮ್ಮ ಕೋರಿಕೆ ಎರಡೇ. ಒಂದು, ವಿಷಯವಾರು ಹಾಜರಾತಿಯನ್ನು ಸೆಮಿಸ್ಟರ್ ಕೊನೆಗೆ ಹಚ್ಚುವ ಬದಲು ಪ್ರತಿ ತಿಂಗಳ ಮೊದಲ ವಾರ ಹಚ್ಚಲಿ. ಎರಡು, ಭಾನುವಾರ ಒಂದು ತರಗತಿ ಕೋಣೆಯನ್ನು ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಚಿತ್ರೀಕರಣಕ್ಕೆ ಬಿಟ್ಟುಕೊಡಲಿ. ಅರ್ಜಿಯ ಜೊತೆ ಶಾಟ್‌ಗಳ ಪಟ್ಟಿ, ತಂಡದ ಎಲ್ಲರ ಹಾಜರಾತಿ, ಬೆಂಚುಗಳನ್ನು ಮೊದಲಿದ್ದಂತೆ ಇಡುತ್ತೇವೆಂಬ ಸಹಿ ಕೇಳಲಿ. ಪಟ್ಟಿ ತರದವರಿಗೆ ಕೀಲಿ ಕೊಡುವುದು ಬೇಡ.

ಇಂತಿ,
ವಿದ್ಯಾರ್ಥಿ ಕಿರುಚಿತ್ರ ತಂಡಗಳ ಜೊತೆ ದುಡಿಯುವ ಕೆಲವರು
ಹುಬ್ಬಳ್ಳಿ–ಧಾರವಾಡ