ನೀವು ಡೆಡ್ ಅಂದ ಹಾರ್ಡ್ ಡಿಸ್ಕ್ ಬದುಕಿದೆ

ಇವರಿಗೆ,
ಮ್ಯಾನೇಜರ್ ಅವರು,
ನನಗೆ ಮದರ್‌ಬೋರ್ಡ್ ಹಾಕಿಕೊಟ್ಟ ಕಂಪ್ಯೂಟರ್ ಅಂಗಡಿ, ಮೈಸೂರು

ಸ್ವಾಮಿ,

ಪತ್ರ ಬರೆಯುವಷ್ಟು ದೂರ ಹೋಗುವ ಮನಸ್ಸು ನನಗಿರಲಿಲ್ಲ. ಆರು ಸಲ ಫೋನ್ ಮಾಡಿದೆ, ಆರೂ ಸಲ "ಚೆಕ್ ಮಾಡಿ ಹೇಳ್ತೀವಿ ಮೇಡಂ" ಅಂದಿರಿ. ಇವತ್ತು ಬೆಳಿಗ್ಗೆ ಮೊಬೈಲಿಗೆ ಮೆಸೇಜ್ ಬಂತು. ನನ್ನ ದೂರು ಪರಿಹಾರ ಆಗಿದೆಯಂತೆ, ಎಷ್ಟು ಸ್ಟಾರ್ ಕೊಡ್ತೀರಿ ಅಂತ ಕೇಳಿದ್ದೀರಿ. ಅದಕ್ಕೇ ಈ ಪತ್ರ.

ಮಂಡ್ಯದಲ್ಲಿ ಕೋರ್ಟಿನ ಹತ್ತಿರ ನಾನು ಡಿಟಿಪಿ ಅಂಗಡಿ ಇಟ್ಟು ಹದಿನಾಲ್ಕು ವರ್ಷ ಆಯಿತು. ಅಫಿಡವಿಟ್ಟು, ಅರ್ಜಿ, ಲಗ್ನಪತ್ರಿಕೆ, ಇದೇ ನನ್ನ ಅನ್ನ. ಕರೆಂಟು ಏರುಪೇರಾಗಿ ಹಳೇ ಮದರ್‌ಬೋರ್ಡ್ ಸುಟ್ಟುಹೋಯಿತು, ನಿಮ್ಮಲ್ಲಿಗೆ ತಂದೆ. ಹೊಸ ಬೋರ್ಡು, "ಸ್ಪೀಡ್ ಬರುತ್ತೆ" ಅಂತ ನೀವೇ ಹೇಳಿ ಹಾಕಿಸಿದ ಎಂ.2 ಎಸ್‌ಎಸ್‌ಡಿ (ಬೋರ್ಡಿಗೇ ನೇರ ಚುಚ್ಚುವ ವೇಗದ ಡಿಸ್ಕು), ಕೂಲಿ 800, ಎಲ್ಲ ಸೇರಿ 14,350 ರೂಪಾಯಿ. ಚೌಕಾಸಿ ಕೂಡ ಮಾಡಲಿಲ್ಲ. ಅಂಗಡಿಗೆ ತಂದು ಆನ್ ಮಾಡಿದರೆ ವಿಂಡೋಸ್ ಬಂತು, ಸ್ಪೀಡೂ ಬಂತು, ನನ್ನ 1 ಟಿಬಿ ಹಾರ್ಡ್ ಡಿಸ್ಕ್ ಮಾತ್ರ ಎಲ್ಲೂ ಇಲ್ಲ. ವಿಂಡೋಸಿಗೂ ಮೊದಲು, ಬೋರ್ಡಿಗೆ ಏನೇನು ಜೋಡಿಸಿದೆ ಅಂತ ತೋರಿಸುವ ಬಯಾಸ್‌ನಲ್ಲೂ ಇಲ್ಲ. ಅಷ್ಟೂ ವರ್ಷದ ಕೆಲಸ ಅದರಲ್ಲೇ ಇತ್ತು. (ಬ್ಯಾಕಪ್ ಇಟ್ಟಿರಲಿಲ್ವಾ ಅಂತ ಕೇಳಬೇಡಿ, ಅರ್ಧ ಇತ್ತು. ಆ ಬೈಗುಳ ನನಗೆ ನಾನೇ ಬೈದುಕೊಂಡಾಗಿದೆ.)

ಮರುದಿನವೇ ಕ್ಯಾಬಿನೆಟ್ಟನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಶಕ್ತಿ ಯೋಜನೆಯಲ್ಲಿ ನನಗೆ ಟಿಕೆಟ್ ಫ್ರೀ, ಕಂಪ್ಯೂಟರಿಗೆ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದರು. 45 ಕಿಲೋಮೀಟರ್ ಅದನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಬಂದೆ. ನಿಮ್ಮ ಟೆಕ್ನಿಷಿಯನ್ ಹುಡುಗ ಬೆಡ್‌ಶೀಟ್ ಬಿಚ್ಚುವ ಮೊದಲೇ ಕೇಳಿದ, "ಮೇಡಂ, ಮೈ ಕಂಪ್ಯೂಟರ್ ಅಂತ ಇರುತ್ತಲ್ಲ, ಅದರ ಮೇಲೆ ಡಬಲ್ ಕ್ಲಿಕ್ ಮಾಡಿದ್ರಾ?" ಬಯಾಸ್‌ನಲ್ಲೇ ತೋರಿಸ್ತಿಲ್ಲ ಕಣಪ್ಪ ಅಂದೆ. "ಬಯಾಸ್ ಎಲ್ಲಾ ನೀವು ಮುಟ್ಟಬಾರದು ಮೇಡಂ" ಅಂದ. ಒಂದ್ಸಲ ಬಿಚ್ಚಿ ನೋಡು, ಕೇಬಲ್ ಸರಿಯಾಗಿದೆಯಾ ಅಂತ ಕೇಳಿದೆ. ಸ್ಕ್ರೂಡ್ರೈವರ್ ಅವನ ಜೇಬಿನಲ್ಲೇ ಇತ್ತು. ಅದನ್ನು ತೆಗೆದು ಕಿವಿ ಕೆರೆದುಕೊಂಡು ಮತ್ತೆ ಜೇಬಿಗೇ ಇಟ್ಟುಕೊಂಡ. ಆಮೇಲೆ ಅಂದ: "ಮನೇಲಿ ಕಂಪ್ಯೂಟರ್ ಗೊತ್ತಿರೋ ಗಂಡಸರು ಯಾರಾದ್ರೂ ಇದ್ರೆ ಫೋನ್ ಹಚ್ಚಿ ಕೊಡಿ, ಅವರಿಗೆ ಹೇಳ್ತೀನಿ." ಕೀಬೋರ್ಡ್ ಕೊಳ್ಳೋಕೆ ನಿಂತಿದ್ದ ಕಾಲೇಜು ಹುಡುಗರಿಬ್ಬರು ಕಿಸಕ್ ಅಂದರು.

ನಮ್ಮ ಯಜಮಾನರಿಗೆ ಕಂಪ್ಯೂಟರ್ ಆಫ್ ಮಾಡೋದು ಹೇಗೆ ಅಂತ ಇವತ್ತಿಗೂ ನಾನೇ ಹೇಳಿಕೊಡಬೇಕು. ಆದರೂ ಆ ಹೊತ್ತಿಗೆ ಏನೂ ತೋಚದೆ ಫೋನ್ ಹಚ್ಚಿ ಕೊಟ್ಟೆ ನೋಡಿ, ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟು. ಅವರು ಗದ್ದೆಗೆ ನೀರು ಕಟ್ಟುತ್ತಾ ನಿಂತಿದ್ದವರು "ಹೂಂ ಸಾರ್, ಸರಿ ಸಾರ್" ಅಂದರಂತೆ. ಅಷ್ಟಕ್ಕೇ ನಿಮ್ಮ ಹುಡುಗನಿಗೆ ಸಮಾಧಾನ ಆಯಿತು. ಚೀಟಿಯಲ್ಲಿ "ಹಾರ್ಡ್ ಡಿಸ್ಕ್ ಡೆಡ್" ಅಂತ ಬರೆದು, ಚೆಕಿಂಗಿಗೆ 500 ತಗೊಂಡು, ಡೇಟಾ ತೆಗೆಸಬೇಕಾದರೆ 9,000 ಆಗುತ್ತೆ ಅಂದ. ಬಿಚ್ಚದೇ ಯಾವ ಚೆಕಿಂಗ್ ಮಾಡಿದ್ದು ಅಂತ ನೀವೇ ಹೇಳಬೇಕು. ಮುಟ್ಟದೇ ನಾಡಿ ನೋಡುವ ವೈದ್ಯರು ನಿಮ್ಮಲ್ಲಿರುವುದು ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ಬೋರ್ಡಿನ ಡಬ್ಬಿಯಲ್ಲಿದ್ದ ಪುಸ್ತಕ ತೆಗೆದೆ. ಪ್ಲಾಸ್ಟಿಕ್ ಕವರ್ ಕೂಡ ಹರಿದಿರಲಿಲ್ಲ. ಅದರಲ್ಲಿ ಒಂದು ಟೇಬಲ್, ಕೆಳಗೆ ಒಂದು ಸಾಲು: ಎಂ.2 ಸ್ಲಾಟಿನಲ್ಲಿ ಎಸ್‌ಎಸ್‌ಡಿ ಕೂತರೆ ಸಾಟಾ, ಅಂದರೆ ಹಾರ್ಡ್ ಡಿಸ್ಕಿನ ಕೇಬಲ್ ಚುಚ್ಚುವ ಜಾಗ, ಅದರ 5 ಮತ್ತು 6ನೇ ಪೋರ್ಟ್ ಕೆಲಸ ಮಾಡುವುದಿಲ್ಲ. ಎರಡಕ್ಕೂ ದಾರಿ ಒಂದೇ, ಒಂದು ಬಂದರೆ ಇನ್ನೊಂದು ಬಂದ್. ಎಲ್ಲ ಬೋರ್ಡಿನಲ್ಲೂ ಹೀಗಿರಲ್ಲ, ನೀವು ಮಾರಿದ ಇದರಲ್ಲಿದೆ. ಕ್ಯಾಬಿನೆಟ್ ಬಿಚ್ಚಿದರೆ ಹಾರ್ಡ್ ಡಿಸ್ಕಿನ ಕೆಂಪು ಕೇಬಲ್ 5ರಲ್ಲಿ ಕೂತಿತ್ತು. ಕಿತ್ತು 2ಕ್ಕೆ ಚುಚ್ಚಿದೆ. ಐದು ನಿಮಿಷದ ಕೆಲಸ. ಸತ್ತವರು ಎದ್ದು ಕೂತರು, ಅಷ್ಟೂ ಲಗ್ನಪತ್ರಿಕೆಗಳ ಸಮೇತ. ರ್‍ಯಾಮ್ ಎರಡನ್ನೂ ಅಕ್ಕಪಕ್ಕ ಚುಚ್ಚಿದ್ದಿರಿ, ಪುಸ್ತಕದಲ್ಲಿ 2 ಮತ್ತು 4ನೇ ಸ್ಲಾಟ್ ಅಂತಿದೆ. ಅದನ್ನೂ ಸರಿಮಾಡಿದೆ. ಬಿಲ್ ಕಳಿಸಲಾ?

ಫಿಟ್ಟಿಂಗ್ ತಪ್ಪಿದ್ದರೆ ಏನು ಮಾಡುತ್ತೀರಿ ಅಂತ ನಿಮ್ಮ ಬಿಲ್ಲಿನ ಹಿಂದೆ ನೀವೇ ಅಚ್ಚು ಹಾಕಿಸಿದ್ದೀರಿ, ಅದನ್ನು ನಾನು ಓದಿ ಹೇಳಬೇಕಿಲ್ಲ ಅಲ್ವಾ. ಆ 500 ವಾಪಸ್ ಬೇಕು. 800 ಕೂಲಿಯಲ್ಲಿ ಎಷ್ಟು ಇಟ್ಟುಕೊಳ್ಳಬೇಕು ಅನ್ನೋದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟಿದ್ದು. "ಡೆಡ್" ಅಂತ ಬರೆದದ್ದು ತಪ್ಪು ಅಂತ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ. ಗಂಡಸರಿಗೆ ಫೋನ್ ಕೊಡಿ ಅಂದದ್ದಕ್ಕೆ ಏನು ಕೊಡುತ್ತೀರೋ ನನಗೆ ಗೊತ್ತಿಲ್ಲ.

ಹದಿನೈದು ದಿನ ನೋಡುತ್ತೇನೆ. ಆಮೇಲೆ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನಾನು ಇರುವ ಊರಿನಲ್ಲೇ ಕೇಸ್ ಹಾಕಬಹುದು, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಫೀಸೂ ಇಲ್ಲ. ಮೈಸೂರಿಂದ ಮಂಡ್ಯಕ್ಕೆ ಈ ಸಲ ನೀವು ಬನ್ನಿ, ಆ ಹುಡುಗನನ್ನೂ ಕರೆದುಕೊಂಡು ಬನ್ನಿ. ಕಂಪ್ಲೇಂಟ್ ಟೈಪ್ ಮಾಡಿಸೋಕೆ ನಾನು ಬೇರೆ ಕಡೆ ಹೋಗಬೇಕಾಗಿಲ್ಲ. ಆಗಲೇ ಟೈಪ್ ಮಾಡಿ ಸೇವ್ ಮಾಡಿದ್ದೇನೆ, ಅದೇ ಹಾರ್ಡ್ ಡಿಸ್ಕಿನಲ್ಲಿ.

ಇಂತಿ,
ಮಂಡ್ಯದ ನಿಮ್ಮ ಗ್ರಾಹಕಿ