ಹಾವಿನ ಟ್ಯಾಂಕಿಗೆ ಬಂಡೆ ಗೋಡೆ ಮಾಡುವವರು ಓದಿ

ಗೆಳೆಯರೇ, ಬಾಲ್ ಪೈಥಾನ್ (ಆಫ್ರಿಕಾ ಮೂಲದ ಸಣ್ಣ ಹೆಬ್ಬಾವು) ಟ್ಯಾಂಕಿನ ಹಿಂಬದಿಗೆ ಬಂಡೆಯಂಥ ಗೋಡೆ ಮಾಡಬೇಕು ಅಂತ ಸುಮಾರು ಜನ ಕೇಳ್ತಿದ್ದೀರಿ. ಥರ್ಮಾಕೋಲ್ ಹಾಳೆಗಳನ್ನು ಅಂಟಿಸಿ, ಚಾಕುವಿನಲ್ಲಿ ಕೆತ್ತಿ, ಮೇಲೆ ಟೈಲ್ಸ್ ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ ಸಿಮೆಂಟಿನಂಥ ಪುಡಿ) ಕಲಸಿ ಬಳಿಯಿರಿ. ಮೊದಲ ಕೋಟ್ ನೀರು ಮಜ್ಜಿಗೆಯಷ್ಟು ತೆಳ್ಳಗಿದ್ದರೆ ಸಣ್ಣ ಸಂದಿಗೂ ಇಳಿಯುತ್ತದೆ, ಆಮೇಲಿನವು ಸ್ವಲ್ಪ ಗಟ್ಟಿ ಇರಲಿ. ಒಂದು ಪೂರ್ತಿ ಒಣಗಿದ ಮೇಲೇ ಇನ್ನೊಂದು. ಬೆಂಗಳೂರಿನ ಮಳೆಗಾಲದಲ್ಲಿ ಅದು ಬೇಗ ಒಣಗಲ್ಲ, ಅವಸರ ಬೇಡ.

ಅಂಟಿಸೋಕೆ ಸಿಲಿಕೋನ್ ತರುವಾಗ ಬೂಷ್ಟು ತಡೆಯುವ ಔಷಧಿ ಸೇರಿಸದೇ ಇರುವುದನ್ನೇ ಕೇಳಿ. ಅದರ ವಿನೆಗರ್ ಥರದ ವಾಸನೆ ಪೂರ್ತಿ ಹೋಗೋವರೆಗೂ ಹಾವನ್ನು ಒಳಗೆ ಬಿಡಲೇಬೇಡಿ.

ಗಾಜಿಗೂ ಗೋಡೆಗೂ ನಡುವೆ ಸಣ್ಣ ಸಂದಿ ಇದ್ದರೂ ಮುಚ್ಚಿಬಿಡಿ, ಯಾಕಂದ್ರೆ ಹಾವು ಅಲ್ಲಿಗೇ ತೂರಿಕೊಳ್ಳೋದು, ಆಮೇಲೆ ಅದನ್ನು ತೆಗೆಯಲು ಗೋಡೆಯನ್ನೇ ಕೀಳಬೇಕಾಗುತ್ತದೆ. ಪೊರೆ ಬಿಡುವಾಗ ಮೈ ಉಜ್ಜಿಕೊಳ್ಳಲು ಒರಟು ಬೇಕು, ಆದರೆ ಚೂಪು ಅಂಚು ಬೇಡ, ಅಂಥ ಅಂಚನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ನಯ ಮಾಡಿ. ಬಿಸಿ ಬಲ್ಬ್ ಥರ್ಮಾಕೋಲ್‌ನಿಂದ ದೂರ ಇರಲಿ.

ಹೊಸಬರಿಗೆ ಇನ್ನೊಂದು ಮಾತು: ಕೇರೆ, ನಾಗರ, ಮಣ್ಣುಮುಕ್ಕ ಇವನ್ನೆಲ್ಲ ಮನೆಯಲ್ಲಿ ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಬಾಲ್ ಪೈಥಾನ್ ಇಟ್ಟವರೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ. ಕೆತ್ತುವಾಗ ಡೌಟ್ ಬಂದರೆ ಫೋಟೋ ಇಲ್ಲೇ ಹಾಕಿ.